ಹೊಲಿಗೆಯಮ್ಮನ ಮಗನಿಗಾಗಿ

ಸೆಪ್ಟೆಂಬರ್ ೧೦, ಬುಧವಾರ

ಪ್ರೀತಿಯ ಗುಬ್ಬಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ನಮ್ಮ ಮನೆಯ ಪದ್ಧತಿ. ಈ ಸಲವೂ ಕೈ ತಾನಾಗಿಯೇ ಹಾಗೆ ಬರೆಯಿತು. ಮೇಲೆ ಹೊಡೆದು ಹಾಕಿದ ಸಾಲು ಅದೇ. ಕುಳಿತುಕೊಂಡು ಓದು. ನಿನ್ನ ಆ ಮುಂಗೋಪಿ ಗಡಿಯಾರಯ್ಯ ಹತ್ತಿರದಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೋ. ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ನಿನಗೆ ಇರುವುದು ಅವರೊಬ್ಬರೇ ತಾನೇ.

ನಿನ್ನ ಗೆಳೆಯ, ನಮ್ಮ ಗುಡುಗಪ್ಪ ಹೋಗಿಬಿಟ್ಟ ಗುಬ್ಬಿ.

ಹೋದ ವಾರ ಮಂಗಳವಾರ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಅವನೂ ಬೇರೆ ಡ್ರೈವರುಗಳೂ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದಾಗ ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಐದು ಜನ ಸತ್ತರು. ಉಳಿದವರು ಮೇಜಿನ ಕೆಳಗೆ ಅವಿತರಂತೆ. ಗುಡುಗಪ್ಪ ಮಾತ್ರ ಎದ್ದು ಅವನ ಕಡೆಗೇ ನಡೆದನಂತೆ. "ಬಾರೋ, ಕೂತ್ಕೋ. ಊಟ ಆಯ್ತಾ ನಿಂದು?" ಎಂದನಂತೆ. ಬದುಕಿ ಉಳಿದ ಕಂಡಕ್ಟರ್ ಹೇಳಿದ್ದು.

ಹಾಗೆ ಕರೆಯಲು ಅವನಿಗೆ ಕಾರಣ ಇತ್ತು. ಬಂದವನು ಹೊಲಿಗೆಯಮ್ಮನ ಮಗ. ಹೌದು, ನಮ್ಮ ಹೊಲಿಗೆಯಮ್ಮನೇ, ಚರ್ಚಿನಲ್ಲಿ ಹಾಡುವ ಕ್ವೈರ್‌ನವರ ನಿಲುವಂಗಿಗಳನ್ನೆಲ್ಲ ಹೊಲಿದುಕೊಟ್ಟವಳು. ಮಗ ಡಿಪೋದ ವರ್ಕ್‌ಶಾಪಿನಲ್ಲಿದ್ದು ಬೇಸಿಗೆಯಲ್ಲಿ ಕೆಲಸ ಕಳೆದುಕೊಂಡಿದ್ದ. ಅವನಿಗೆ ಮನಸ್ಸಿನ ನೆಮ್ಮದಿ ಕೊಡು ಎಂದು ನಾನು ಎಷ್ಟು ವರ್ಷದಿಂದ ಭಾನುವಾರದ ಪ್ರಾರ್ಥನೆಯಲ್ಲಿ ಹೇಳುತ್ತಾ ಬಂದಿದ್ದೇನೆ ಎಂದು ನಿನಗೆ ಗೊತ್ತು. ನೀನೂ ಎಲ್ಲರ ಜೊತೆ ಉತ್ತರ ಕೊಟ್ಟವನೇ. ಈಗ ಅವನು ಜೈಲಿನಲ್ಲಿದ್ದಾನೆ.

ಸಮಾಧಿಯ ದಿನ ಊರಿನಲ್ಲಿ ಬಸ್ಸು ಓಡಲಿಲ್ಲ. ಡ್ರೈವರುಗಳು ಸಮವಸ್ತ್ರದಲ್ಲಿ ಬೀದಿಯ ಎರಡೂ ಕಡೆ ನಿಂತಿದ್ದರು. ಕ್ವೈರ್ ಹಾಡಿತು, ಆದರೆ ಕೆಳದನಿ ಹಾಡುವವನೇ ಪೆಟ್ಟಿಗೆಯೊಳಗಿದ್ದ. ಆರ್ಗನ್ ಮೇಷ್ಟ್ರು ಎಡಗೈಯಲ್ಲಿ ಅವನ ದನಿ ತುಂಬಲು ನೋಡಿದರು. ಎರಡನೇ ಚರಣಕ್ಕೆ ಅವರೇ ಕೈ ಎತ್ತಿಬಿಟ್ಟರು. ಮಿಂಚಮ್ಮ ಅಳಲಿಲ್ಲ. ಗುಡುಗಿನ ಹೆಂಡತಿ ಮಿಂಚು ಎಂದು ಅವಳ ಮದುವೆಯ ದಿನ ಆ ಹೆಸರಿಟ್ಟಿದ್ದು ನಾನೇ ತಾನೇ, ಆ ಹೆಸರಿನಿಂದ ಕರೆಯಲು ಈಗ ಬಾಯಿ ಬರುವುದಿಲ್ಲ.

ಭಾನುವಾರದ ಪ್ರಾರ್ಥನೆ ನಾನೇ ನಡೆಸಿದೆ. ನಡೆಯಿತು. ಅದರ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ.

ಸ್ವೆಟರ್ ಹಾಕಿಕೋ. ಊಟ ಬಿಡಬೇಡ.

ನಿನ್ನ ಅಕ್ಕ


ಸೆಪ್ಟೆಂಬರ್ ೨೧, ಭಾನುವಾರ

ಅಕ್ಕಾ,

ಶುಕ್ರವಾರ ದೋಣಿ ಬಂತು. ಕುಳಿತುಕೊಂಡು ಓದು ಎಂದಿದ್ದೆ. ನಿನ್ನ ಮಾತನ್ನು ನಾನು ಎಂದಾದರೂ ಕೇಳಿದ್ದೇನೆಯೇ? ದಡದಲ್ಲಿ ನಿಂತುಕೊಂಡೇ ಒಡೆದೆ. ಆಮೇಲೆ ಮರಳಿನ ಮೇಲೆ ಕುಸಿದದ್ದು ನನಗೆ ನೆನಪಿಲ್ಲ, ಗಡಿಯಾರಯ್ಯ ಹೇಳಿದರು. ಅವರೇ ಕಾಗದ ಎತ್ತಿ ಓದಿದರು. ಕ್ಷಮಿಸು, ಮುಂಗೋಪಿ ಎಂದು ನೀನು ಬರೆದದ್ದನ್ನೂ ಓದಿದರು. ಆ ದಿನ ನನ್ನ ಪಾಳಿಯ ಗಾಳಿ, ಮಳೆ, ಒತ್ತಡ ಎಲ್ಲ ಲೆಕ್ಕವನ್ನೂ ತಾವೇ ತೆಗೆದುಕೊಂಡರು. ಒಮ್ಮೆ ಹವಾಮಾನದ ಬಲೂನು ಹಾರಿಸಲು ನಾನು ತಡಮಾಡಿದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದ ಮನುಷ್ಯ.

ಗುಡುಗಪ್ಪ ಯಾವಾಗಲೂ ಅರ್ಧ ತಾಳ ತಡ. ಸಭೆಯೆಲ್ಲ "ಕರ್ತನೇ, ನಮ್ಮ ಮೊರೆ ಕೇಳು" ಎಂದು ಮುಗಿಸಿದ ಮೇಲೆ ಅವನೊಬ್ಬನ "ಕೇಳು" ಹಿಂದಿನಿಂದ ಉರುಳಿಕೊಂಡು ಬರುತ್ತಿತ್ತು. ಮೇಷ್ಟ್ರು ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ. ಯಾಕೋ ಹೀಗೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ದೇವರಿಗೂ ವಯಸ್ಸಾಗಿದೆ ಕಣೋ. ಎಲ್ಲರೂ ಒಟ್ಟಿಗೆ ಕೂಗಿದ್ರೆ ಏನು ಅರ್ಥ ಆಗತ್ತೆ? ಆಮೇಲೆ ನಾನು ಒಂದ್ಸಲ ಬಿಡಿಸಿ ಹೇಳ್ತೀನಿ" ಎಂದಿದ್ದ. ಆ ದೇವರಿಗೆ ಆ ಮಂಗಳವಾರ ಯಾರೂ ಬಿಡಿಸಿ ಹೇಳಲಿಲ್ಲವೇ ಅಕ್ಕ?

ಇಲ್ಲಿಯೂ ಭಾನುವಾರ ನಿಮ್ಮ ಆರಾಧನೆಯ ಹೊತ್ತಿಗೇ ಕುಳಿತು ನಿನ್ನ ಪ್ರಾರ್ಥನೆಯನ್ನು ಬಾಯಿಪಾಠ ಒಪ್ಪಿಸುವುದು ನನ್ನ ರೂಢಿ. ಈ ದಿನವೂ ಕುಳಿತೆ. ಮೊದಲು ಕಾಯಿಲೆಯವರು, ಆಮೇಲೆ ಹೊಲಿಗೆಯಮ್ಮನ ಮಗ. ಅಲ್ಲಿಗೆ ಬಂದಾಗ ದಾರ ಕಡಿದ ಹಾಗೆ ಕಡಿದು ಬಿಸಾಡಿದೆ. ನೀನೂ ಕಡಿದಿರುತ್ತೀಯೆ, ಕೇಳುವ ಅಗತ್ಯವೇ ಇಲ್ಲ. ಆ ಮನುಷ್ಯನಿಗೆ ನೆಮ್ಮದಿ ಸಿಗಬಾರದು. ಇದನ್ನು ಪ್ರಾರ್ಥನೆ ಎಂದು ಬೇಕಾದರೂ ತಿಳಿದುಕೋ.

ಮಿಂಚಮ್ಮನ ಹತ್ತಿರ ಹೋಗುತ್ತಿರು.

ನಿನ್ನ ಗುಬ್ಬಿ


ಸೆಪ್ಟೆಂಬರ್ ೨೯, ಸೋಮವಾರ

ಗುಬ್ಬಿ,

ನಿನ್ನ ಕಾಗದ ಬಂತು. ಅಂಗಡಿಯ ಕನ್ನಡಕಗಳನ್ನೆಲ್ಲ ಒರೆಸುತ್ತಾ ಒರೆಸುತ್ತಾ ಓದಿದೆ. ಕೊನೆಗೆ ನನ್ನ ಕನ್ನಡಕವನ್ನೇ ಒರೆಸಬೇಕಾಯಿತು.

ಹೇಳುವಂಥದ್ದು ಏನೂ ಇಲ್ಲ. ಡಿಪೋದ ಗೇಟಿನ ಹತ್ತಿರ ಜನ ಇನ್ನೂ ಹೂವು ಇಡುತ್ತಿದ್ದಾರೆ. ಬಾಡಿದ ಹೂವನ್ನು ಗುಡಿಸುವ ಹೆಂಗಸು ಕಸದ ಬುಟ್ಟಿಗೆ ಹಾಕಲು ಮನಸ್ಸಾಗದೆ ಗೋಡೆಯ ಬದಿಗೆ ಪೇರಿಸಿಟ್ಟಿದ್ದಾಳೆ. ಈಚೆಗೆ ನನ್ನ ಮಂಡಿ ಹಿಡಿದುಕೊಂಡಿದೆ. ಹಾಗಾಗಿ ಪ್ರಾರ್ಥನೆಯನ್ನು ಸದ್ಯಕ್ಕೆ ಆರ್ಗನ್ ಮೇಷ್ಟ್ರು ನಡೆಸುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಆರಾಮವಾಗಿ ಕೂರುತ್ತೇನೆ. ಮಿಂಚಮ್ಮನಿಗೆ ಅವಳ ತಂಗಿ ಜೊತೆಗಿದ್ದಾಳೆ, ಮನೆ ತುಂಬ ಜನ, ನಾನು ಹೋಗಿ ಗದ್ದಲ ಹೆಚ್ಚಿಸುವುದು ಬೇಡ ಎಂದು ಸುಮ್ಮನಿದ್ದೇನೆ.

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ. ಒಂದು ಗಡಿಯಾರಯ್ಯನವರಿಗೆ. ಮುಂಗೋಪಿ ಎಂದದ್ದಕ್ಕೆ ತಪ್ಪುಕಾಣಿಕೆ ಎಂದು ಹೇಳು.

ಅಕ್ಕ


ಅಕ್ಟೋಬರ್ ೮, ಬುಧವಾರ

ಅಕ್ಕಾ,

ಕಾಲುಚೀಲ ಬಂದ ದೋಣಿಯಲ್ಲೇ ಆರ್ಗನ್ ಮೇಷ್ಟ್ರ ಕಾಗದವೂ ಬಂತು. ನಿನ್ನ ಮಂಡಿಗೆ ಏನಾಗಿದೆ ಎಂದು ಅವರು ವಿವರವಾಗಿ ಬರೆದಿದ್ದಾರೆ.

ಐದು ಪೆಟ್ಟಿಗೆ ಮಣ್ಣಿಗೆ ಇಳಿದ ಮೂರನೇ ದಿನಕ್ಕೆ, ಮಿಂಚಮ್ಮ ಮೊದಲ ಬೆಂಚಿನಲ್ಲಿ ಕುಳಿತಿರುವಾಗ, ನೀನು ನಿಂತುಕೊಂಡು ಹೊಲಿಗೆಯಮ್ಮನ ಮಗನಿಗಾಗಿ ಪ್ರಾರ್ಥಿಸಿದೆಯಂತೆ. ಜನ ಎದ್ದು ಹೋದರಂತೆ. ಇನ್ನು ಕೆಲವರು ನಿನ್ನನ್ನು ಮಹಾತಾಯಿ ಎಂದು ಹೊಗಳುತ್ತಿದ್ದಾರಂತೆ. ನನಗೆ ಬರೆದದ್ದು ಏನು? "ನಡೆಯಿತು."

ಅಕ್ಕ, ನೀನು ನನಗಿಂತ ಒಳ್ಳೆಯವಳು. ಚಿಕ್ಕಂದಿನಿಂದ ಒಪ್ಪಿಕೊಂಡಿದ್ದೇನೆ. ಆದರೆ ಒಳ್ಳೆಯತನ ತೋರಿಸಲು ಬೇರೆ ಭಾನುವಾರ ಇರಲಿಲ್ಲವೇ? ಗಾಯದ ಮೇಲೆ ಬರೆ ಎಳೆಯುವ ಕೆಲಸ ನಿನ್ನ ಕೈಯಿಂದ ಆಗಬೇಕಿತ್ತೇ? ಕ್ಷಮಿಸುವುದಾದರೆ ಮಿಂಚಮ್ಮ ಕ್ಷಮಿಸಲಿ. ನೀನು ಯಾರು? ನಾನು ಯಾರು?

ಇದಕ್ಕಿಂತ ಹೆಚ್ಚು ಬರೆದರೆ ಆಮೇಲೆ ನಾನೇ ಪಶ್ಚಾತ್ತಾಪಪಡಬೇಕಾಗುತ್ತದೆ. ಗಡಿಯಾರಯ್ಯ ಕಾಲುಚೀಲ ಹಾಕಿಕೊಂಡಿದ್ದಾರೆ. ಬಿಚ್ಚುವುದೇ ಇಲ್ಲ.

ಗುಬ್ಬಿ


ಅಕ್ಟೋಬರ್ ೧೬, ಗುರುವಾರ

ನನ್ನ ಗುಬ್ಬಿ,

ನಿನ್ನ ಸಿಟ್ಟಿಗೆ ಕಾಲಿದ್ದಿದ್ದರೆ ನೀರಿನ ಮೇಲೆ ನಡೆದುಕೊಂಡೇ ಇಲ್ಲಿಗೆ ಬಂದುಬಿಡುತ್ತಿತ್ತು. ಬಂದಿದ್ದರೂ ಚೆನ್ನಾಗಿತ್ತು, ಎದುರಿಗೆ ಕೂರಿಸಿ ಹೇಳುತ್ತಿದ್ದೆ. ಈಗ ಬರೆದೇ ಹೇಳುತ್ತೇನೆ.

ನಾನು ಮಹಾತಾಯಿಯೂ ಅಲ್ಲ, ಮಣ್ಣೂ ಅಲ್ಲ. ಬಾಯಿ ತಪ್ಪಿತು. ಅಷ್ಟೇ.

ಕಾಗದ ನೋಡದೆ ಪ್ರಾರ್ಥನೆ ಹೇಳುವುದು ಅಪ್ಪನಿಂದ ನನಗೆ ಬಂದ ಜಂಬ. ಆ ಭಾನುವಾರ ಮೊದಲು ತೀರಿಹೋದ ಐವರನ್ನು ಒಬ್ಬೊಬ್ಬರಾಗಿ ಹೇಳಬೇಕಿತ್ತು. ಗಂಟಲು ಕಟ್ಟಬಾರದೆಂದು ಅದನ್ನು ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಗಂಟಲು ಕಟ್ಟಲಿಲ್ಲ. ಅಬ್ಬ ಎಂದು ಹಗುರಾದೆ. ಎಡವಿದ್ದು ಅಲ್ಲೇ. ಮುಂದಿನದೆಲ್ಲ ಎಂದಿನ ಪ್ರಾರ್ಥನೆ. ಅದಕ್ಕೆ ನಾನು ಬೇಕಾಗಿಲ್ಲ, ನನ್ನ ಬಾಯಿ ಒಂದು ಸಾಕು. ಕಾಯಿಲೆಯವರಿಗಾಗಿ ಎಂದೆ, ಸಭೆ ಉತ್ತರ ಕೊಟ್ಟಿತು. "ಹೊಲಿಗೆಯಮ್ಮನ ಮಗನಿಗಾಗಿ, ಅವನ ಮನಸ್ಸಿನ ನೆಮ್ಮದಿಗಾಗಿ" ಎಂದೆ.

ಮೇಷ್ಟ್ರು ಒಂದು ಮಾತು ನಿನಗೆ ಬರೆದಿರಲಾರರು. ಸಭೆ ಅದಕ್ಕೂ ಉತ್ತರ ಕೊಟ್ಟಿತು ಗುಬ್ಬಿ. ಒಬ್ಬರೂ ಬಿಡದೆ, ಒಂದೇ ದನಿಯಲ್ಲಿ, "ಕರ್ತನೇ, ನಮ್ಮ ಮೊರೆ ಕೇಳು." ಮೇಷ್ಟ್ರೂ ಕೊಟ್ಟರು. ಪಾಸ್ಟರೂ ಕೊಟ್ಟರು. ಮಿಂಚಮ್ಮನೂ ಕೊಟ್ಟಳು, ಅವಳ ತುಟಿ ಆಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ರೂಢಿಯಂತೆ ಎಲ್ಲರೂ ಒಂದು ಕ್ಷಣ ತಡೆದೆವು, ಹಿಂದಿನಿಂದ ಅವನೊಬ್ಬನ "ಕೇಳು" ಬರಲಿ ಎಂದು. ಬರಲಿಲ್ಲ. ಆ ಖಾಲಿ ಜಾಗದಲ್ಲಿ ನಿಂತಾಗಲೇ ನಾವೇನು ಹೇಳಿದೆವು ಎಂಬುದು ಎಲ್ಲರಿಗೂ ಹೊಳೆದದ್ದು.

ಯಾರೋ ಬೆಂಚು ತಳ್ಳಿ ಎದ್ದು ಹೋದರು. ಇನ್ನೂ ಕೆಲವರು ಹೋದರು. ನಾನು ಕಂಬದಂತೆ ನಿಂತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಅಂಗಡಿಗೆ ಕಣ್ಣು ತೋರಿಸಲು ಬಂದವರು ಗೋಡೆಯ ಮೇಲಿನ ಅಕ್ಷರ ಓದುವ ಬದಲು ನನಗೆ ಉಪದೇಶ ಓದುತ್ತಿದ್ದಾರೆ. ಅರ್ಧ ಜನಕ್ಕೆ ನಾನು ದ್ರೋಹಿ. ಇನ್ನರ್ಧ ಜನ ನನ್ನ ಕೈಗೆ ಮುತ್ತಿಡಲು ಬರುತ್ತಾರೆ, ಅವರನ್ನು ಕಂಡರೆ ನನಗೆ ಇನ್ನೂ ಹೆಚ್ಚು ನಾಚಿಕೆ. ಮಿಂಚಮ್ಮ ನನ್ನ ಮುಖ ನೋಡುವುದಿಲ್ಲ. ನಿನಗೆ ಬರೆಯಲಿಲ್ಲ ಯಾಕೆಂದರೆ ನೀನೂ ನೋಡದೆ ಹೋದರೆ ನನಗೆ ಉಳಿಯುವವರು ಯಾರು?

ಇನ್ನೊಂದು ವಿಷಯ. ಗುಡುಗಪ್ಪನ ಹೊಟ್ಟೆ ಬೆಳೆದು ಅವನ ಕ್ವೈರ್ ನಿಲುವಂಗಿ ಬಿಗಿಯಾಗಿತ್ತು, ಅಗಲ ಮಾಡಲು ಹೊಲಿಗೆಯಮ್ಮನ ಹತ್ತಿರ ಕೊಟ್ಟಿದ್ದನಂತೆ. ಅದನ್ನು ತರಿಸಿಕೊಡಿ ಎಂದು ಮಿಂಚಮ್ಮ ಪಾಸ್ಟರಿಗೆ ಹೇಳಿಕಳಿಸಿದಳು. ಅವರು ನನ್ನ ಕಡೆ ನೋಡಿದರು. ಆ ಮನೆಗೆ ಹೋಗುವವರು ಬೇರೆ ಯಾರಿದ್ದಾರೆ?

ಕದ ತಟ್ಟಿದೆ, ತೆಗೆಯಲಿಲ್ಲ. "ನಾನು ಕಣೇ" ಎಂದ ಮೇಲೆ ತೆಗೆದಳು. ಊರವರು ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನೆಲ್ಲ ವಾಪಸು ತೆಗೆದುಕೊಂಡು ಹೋಗಿದ್ದಾರೆ, ಅರ್ಧ ಹೊಲಿದದ್ದನ್ನೂ ಬಿಟ್ಟಿಲ್ಲ. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿದ್ದಾಳೆ. ಅವಳ ಕೈ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಲುವಂಗಿಯನ್ನು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದಳು.

"ಅಗಲ ಮಾಡಿಟ್ಟಿದ್ದೆ ಅಕ್ಕ. ಅವತ್ತು ಸಾಯಂಕಾಲ ಡ್ಯೂಟಿ ಮುಗಿಸಿ ಬಂದು ತಗೊಂಡು ಹೋಗ್ತೀನಿ ಅಂದಿದ್ರು."

ಆಮೇಲೆ, "ನನ್ನ ಮಗನ್ನ ಪ್ರಾರ್ಥನೆಯಿಂದ ತೆಗೆದುಬಿಡಿ" ಎಂದಳು. "ನಾನು ಹೆತ್ತವಳು, ನಾನೊಬ್ಬಳೇ ಹೇಳ್ಕೋತೀನಿ. ಬೇರೆಯವರ ಬಾಯಿಗೆ ಆ ಕಷ್ಟ ಬೇಡ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ತಲೆ ಎತ್ತದೆ ಕೇಳಿದಳು:

"ಅಕ್ಕ, ಗುಡುಗಪ್ಪನವರಿಗೆ ಅಳೋದಕ್ಕೆ ನನಗೆ ಹಕ್ಕಿದೆಯಾ?"

ಅವಳು ಸಮಾಧಿಯ ಹತ್ತಿರ ಹೋಗಿಲ್ಲ, ಸಭೆಗೆ ಬಂದಿಲ್ಲ, ಡಿಪೋದ ಗೇಟಿನ ಬಳಿ ಒಂದು ಹೂವು ಇಟ್ಟಿಲ್ಲ. ಜೈಲಿನಲ್ಲಿರುವ ಮಗನಿಗೂ ಅಳುವ ಹಾಗಿಲ್ಲ, ಮಣ್ಣಿನಲ್ಲಿರುವವರಿಗೂ ಅಳುವ ಹಾಗಿಲ್ಲ. ನಾನು ನಿಲುವಂಗಿ ಎತ್ತಿಕೊಂಡು ಬಂದು ಪಾಸ್ಟರ ಕೈಗೆ ಕೊಟ್ಟೆ. ನೀನು ಗುಡುಗಪ್ಪನ ಜೀವದ ಗೆಳೆಯ. ನೀನೇ ಹೇಳು, ಅವಳಿಗೆ ಹಕ್ಕಿದೆಯಾ?

ನವೆಂಬರ್ ಒಂಬತ್ತಕ್ಕೆ ಐವರ ಸ್ಮರಣೆಯ ಆರಾಧನೆ ಇದೆ. ಪ್ರಾರ್ಥನೆ ಯಾರು ನಡೆಸಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ನನ್ನನ್ನೇ ನಿಲ್ಲಿಸಿದರೆ ಏನು ಮಾಡಲಿ? ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡಂತಾಗಿದೆ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ನಿನ್ನ ಅಕ್ಕ


ಅಕ್ಟೋಬರ್ ೨೬, ಭಾನುವಾರ

ಪ್ರೀತಿಯ ಅಕ್ಕನಿಗೆ,

ಓದಿ ನಕ್ಕುಬಿಟ್ಟೆ. ಇಡೀ ಸಭೆ ಗಿಣಿಗಳಂತೆ ಒಪ್ಪಿಸಿದ್ದನ್ನು ನೆನೆಸಿಕೊಂಡು ನಕ್ಕೆ. ಗುಡುಗಪ್ಪ ಅಲ್ಲಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ ಎಂದುಕೊಂಡೆ. ಆಮೇಲೆ ಅತ್ತೆ. ನಿನ್ನ ಮೊದಲ ಕಾಗದ ಓದಿದ ದಿನ ಬರದಿದ್ದ ಅಳು ಈಗ ಬಂತು. ಗಡಿಯಾರಯ್ಯ ಹೊರಗೆ ಹೋಗಿ ಸುಮ್ಮನೆ ಮಳೆಮಾಪಕ ನೋಡುತ್ತಾ ನಿಂತರು, ಆಕಾಶದಲ್ಲಿ ಒಂದು ಮೋಡ ಇರಲಿಲ್ಲ.

ನಿನ್ನ ಮುಖ ನೋಡದೆ ನಾನೆಲ್ಲಿ ಹೋಗಲಿ? ಹುಚ್ಚಿ.

ನಾನು ಒಂದು ಸುಳ್ಳು ಬರೆದಿದ್ದೆ. ದಾರ ಕಡಿದ ಹಾಗೆ ಕಡಿದೆ ಎಂದಿದ್ದೆನಲ್ಲ, ಕಡಿದದ್ದು ನಿಜ. ಆದರೆ ಮುಂದಿನದು ನೆನಪಾಗಲೇ ಇಲ್ಲ. ಬಾಯಿಪಾಠ ಅಂದರೆ ಹಾಗೇ ತಾನೇ, ನಡುವಿನ ಒಂದನ್ನು ಎಳೆದರೆ ಉಳಿದದ್ದೂ ಜೊತೆಗೇ ಕಿತ್ತು ಬರುತ್ತದೆ. ಹೊಲಿಗೆಯಮ್ಮನ ಮಗನ ನಂತರ ಬರುವುದು ಯಾರು? ದೂರ ಇರುವವರು. ಅಂದರೆ ನಾನು. ಪ್ರತಿ ಭಾನುವಾರ ಅಲ್ಲಿಗೆ ಬಂದು ನಿಲ್ಲುತ್ತೇನೆ, ನನ್ನ ಸರದಿ ಬರುವುದೇ ಇಲ್ಲ. ಅಂದಿನಿಂದ ನಾನು ಪ್ರಾರ್ಥನೆ ಮುಗಿಸಿಲ್ಲ.

ಆದರೂ ಕೇಳು. ಬಾಯಿ ತಪ್ಪಿ ಹೇಳುವುದು ಬೇರೆ, ಬೇಕೆಂದು ಹೇಳುವುದು ಬೇರೆ. ಒಂಬತ್ತನೇ ತಾರೀಖು ನಿನ್ನನ್ನೇ ನಿಲ್ಲಿಸಿದರೆ ಅವನನ್ನು ಹೇಳಬೇಡ. ನನಗೋಸ್ಕರ ಬೇಡ. ಗುಡುಗಪ್ಪ ಬಾರೋ ಊಟ ಮಾಡು ಎಂದ. ಅದಕ್ಕೆ ಅವನು ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇಡೀ ದಿನ ಕೇಳಿಸುತ್ತದೆ.

ಹೊಲಿಗೆಯಮ್ಮನ ಪ್ರಶ್ನೆಯನ್ನು ನನ್ನನ್ನು ಕೇಳಬೇಡ ಅಕ್ಕ. ನನಗೆ ಗೊತ್ತಿಲ್ಲ.

ನಿನ್ನ ಗುಬ್ಬಿ


ನವೆಂಬರ್ ೧೧, ಮಂಗಳವಾರ

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಗುರುವಾರ ಕೈ ಸೇರಿತು. ನಿನ್ನ ಮಾತಿನಂತೆಯೇ ನಡೆದುಕೊಂಡೆ. ಆದರೆ ಆದದ್ದು ಬೇರೆ. ಸಮಾಧಾನವಾಗಿ ಓದು.

ನನ್ನನ್ನು ನಿಲ್ಲಿಸಿದವಳು ಮಿಂಚಮ್ಮ. ಹಿರಿಯರೆಲ್ಲ ಮೇಷ್ಟ್ರೇ ಓದಲಿ ಎಂದು ತೀರ್ಮಾನಿಸಿದ್ದರು. ಶುಕ್ರವಾರ ಅವಳು ನನ್ನ ಅಂಗಡಿಗೆ ಬಂದಳು, ಎರಡು ತಿಂಗಳ ಮೇಲೆ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತು ಗೋಡೆ ನೋಡುತ್ತಾ ಮಾತಾಡಿದಳು.

"ನೀವು ಹೇಳಿದ್ದಕ್ಕಲ್ಲ ಅಕ್ಕ ನನಗೆ ಸಿಟ್ಟು. ನಾನು ಉತ್ತರ ಕೊಟ್ಟೆನಲ್ಲ, ಅದಕ್ಕೆ. ಇವರನ್ನ ಮಣ್ಣಿಗಿಟ್ಟು ಬಂದ ಬಾಯಲ್ಲೇ ಅವನಿಗೂ ಬೇಡ್ಕೊಂಡೆನಲ್ಲ. ಮನೆಗೆ ಹೋಗಿ ಬಾಯಿ ತೊಳ್ಕೊಂಡೆ, ಗೊತ್ತಾ?"

ನಾನು ಅಳುತ್ತಾ ನಿಂತೆ.

"ಭಾನುವಾರ ನೀವೇ ಹೇಳಿ" ಎಂದಳು. "ಮೇಷ್ಟ್ರು ಪೇಪರ್ ನೋಡಿ ಓದ್ತಾರೆ, ಅದಕ್ಕೆ ನನ್ನ ಬಾಯಿಂದ ಉತ್ತರಾನೇ ಬರಲ್ಲ. ಅವನ ಮಾತು ಮಾತ್ರ ಎತ್ತಬೇಡಿ."

ನೀನೂ ಹಾಗೆ ಬರೆದಿದ್ದೆ, ಅವಳೂ ಹಾಗೆ ಅಂದಳು, ಹೊಲಿಗೆಯಮ್ಮನೇ ಬಾಯಾರೆ ತೆಗೆದುಬಿಡಿ ಎಂದಿದ್ದಾಳೆ. ಮತ್ತೆ ನನ್ನದೇನು? ಒಪ್ಪಿಕೊಂಡೆ.

ಭಾನುವಾರ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಸಭೆಯವರಲ್ಲದವರೂ ಬಂದಿದ್ದರು, ಡಿಪೋದ ಅರ್ಧ ಜನ ಅಲ್ಲಿದ್ದರು. ಐವರನ್ನೂ ಹೇಳಿದೆ. ಈ ಸಲ ಹಗುರಾಗಲಿಲ್ಲ, ಒಂದೊಂದು ಮಾತನ್ನೂ ಹೊಳೆಯ ಕಲ್ಲು ದಾಟುವಾಗ ಹೆಜ್ಜೆ ಇಡುವ ಹಾಗೆ ನೋಡಿ ನೋಡಿ ಇಟ್ಟೆ. ಕಾಯಿಲೆಯವರಿಗಾಗಿ ಎಂದೆ. ಉತ್ತರ ಬಂತು. ಮುಂದಿನದನ್ನು ಹಾರಿಸಿ ದೂರ ಇರುವವರಿಗಾಗಿ ಎನ್ನಬೇಕು. ಬಾಯಿ ತೆರೆದೆ.

ನಿನಗೆ ಆದದ್ದೇ ನನಗೂ ಆಯಿತು ಗುಬ್ಬಿ. ಖಾಲಿ. ನಿನ್ನ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ, ಆದರೆ ಮಾತು ಇಲ್ಲ. ಸಭೆ ಕಾಯುತ್ತಿದೆ. ಪಾಸ್ಟರು ಕೆಮ್ಮಿದರು. ಎಲ್ಲರಿಗೂ ಗೊತ್ತು, ನಾನು ಯಾವ ಮಾತಿನ ಮುಂದೆ ನಿಂತಿದ್ದೇನೆ ಎಂದು. ಆ ಪ್ರಾರ್ಥನೆ ಅವರಿಗೂ ಬಾಯಿಪಾಠ.

ಆಗ ಮೊದಲ ಬೆಂಚಿನಿಂದ ಮಿಂಚಮ್ಮ ಎದ್ದಳು. ಎದ್ದು ಹೊರಟೇ ಹೋಗುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ ಗಟ್ಟಿಯಾಗಿ, ಜಗಳಕ್ಕೆ ನಿಂತವಳಂತೆ ಹೇಳಿದಳು:

"ಹೊಲಿಗೆಯಮ್ಮನಿಗಾಗಿ."

ಅಷ್ಟೇ. ಮಗನನ್ನು ಹೇಳಲಿಲ್ಲ. ಕುಳಿತುಬಿಟ್ಟಳು.

ಒಂದೇ ದನಿಯಲ್ಲಿ ಉತ್ತರ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ಕ್ಯಾಂಟೀನಿನಲ್ಲಿ ಬದುಕಿ ಉಳಿದ ಆ ಕಂಡಕ್ಟರ್ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ಎಷ್ಟೋ ಜನ ಸುಮ್ಮನಿದ್ದರು. ಮೊದಲು ಒಂದು ದನಿ, ಆಮೇಲೆ ಅಲ್ಲೊಂದು ಇಲ್ಲೊಂದು. ಯಾರ ದನಿಯೂ ಇನ್ನೊಬ್ಬರ ದನಿಗೆ ಕೂಡಲಿಲ್ಲ, ಎಲ್ಲರೂ ತಡವಾಗಿ ಬಂದವರೇ. ಅಪಸ್ವರಕ್ಕೆ ಉರಿದುಬೀಳುವ ನಮ್ಮ ಮೇಷ್ಟ್ರು ಆರ್ಗನ್ನಿನ ಮೇಲೆ ತಲೆಯಿಟ್ಟು ಅತ್ತರು. ಆಮೇಲೆ ದೂರ ಇರುವವರಿಗಾಗಿ ಎಂದೆ. ಸರಾಗವಾಗಿ ಬಂತು. ನಿನಗೆ ಮಾತ್ರ ಇಡೀ ಸಭೆ ಉತ್ತರ ಕೊಟ್ಟಿತು ಮಾರಾಯ, ಹೆಮ್ಮೆಪಡು.

ಆರಾಧನೆ ಮುಗಿದ ಮೇಲೆ ಮಿಂಚಮ್ಮನ ಹತ್ತಿರ ಹೋದೆ. ಅವಳು ಇನ್ನೂ ಸಿಟ್ಟಿನಲ್ಲೇ ಇದ್ದಳು.

"ಅವನಿಗೆ ನನ್ನ ಕೈಲಿ ಆಗಲ್ಲ ಅಕ್ಕ. ಸಾಯೋವರೆಗೂ ಆಗ್ದೇ ಇರಬಹುದು. ಅವಳ ವಿಷಯ ಬೇರೆ. ಆ ನಿಲುವಂಗಿ ನೋಡಿದ್ರಾ? ಒಳಗೆ ಇನ್ನೂ ಎರಡು ಬೆರಳು ಬಟ್ಟೆ ಮಡಚಿಟ್ಟು ಹೊಲಿದಿದ್ದಾಳೆ. ಇವರು ಇನ್ನೂ ದಪ್ಪ ಆಗ್ತಾರೆ ಅಂತ."

ಎಂದವಳು ನನ್ನ ಹೆಗಲ ಮೇಲೆ ಒರಗಿ ಜೋರಾಗಿ ಅತ್ತಳು. ಗಂಡ ಹೋದ ಮೇಲೆ ಅವಳು ಅತ್ತದ್ದನ್ನು ಯಾರಾದರೂ ನೋಡಿದ್ದು ಅಂದೇ ಮೊದಲು.

ಇದನ್ನೆಲ್ಲ ಹೊಲಿಗೆಯಮ್ಮನಿಗೆ ನಿನ್ನೆ ಹೋಗಿ ಹೇಳಿದೆ. ಕೇಳಿಸಿಕೊಂಡಳು. ಸಭೆಗೆ ಬಾ ಎಂದೆ. ತಲೆ ಅಲ್ಲಾಡಿಸಿದಳು, ಬರುವುದಿಲ್ಲ ಎಂದು. ಅವಳಿಗೆ ಬೇಕಾದದ್ದು ನಮ್ಮ ಕರುಣೆ ಅಲ್ಲ ಅನ್ನಿಸುತ್ತದೆ ಗುಬ್ಬಿ. ಅವಳು ಕೇಳಿದ್ದು ಅಳಬಹುದೇ ಎಂದು. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಊಟ ಬಿಟ್ಟು ಕಡ್ಡಿಯಾಗಿದ್ದಾಳೆ. ನನಗೆ ಭಯವಾಗುತ್ತಿದೆ.

ಅಕ್ಕ


ನವೆಂಬರ್ ೨೩, ಭಾನುವಾರ

ಅಕ್ಕಾ,

ಈ ದಿನ ಪ್ರಾರ್ಥನೆಯನ್ನು ಕೊನೆಯವರೆಗೂ ಹೇಳಿದೆ, ಮಿಂಚಮ್ಮ ಹೇಳಿಕೊಟ್ಟ ಹಾಗೆ. ದೇವರು ದಿಂಡರು ಯಾವುದನ್ನೂ ನಂಬದ ಗಡಿಯಾರಯ್ಯ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಮುಗಿದ ಮೇಲೆ, "ಇವತ್ತು ನಿಲ್ಲಲಿಲ್ಲವಲ್ಲ" ಎಂದರು. ಅಷ್ಟು ವಾರವೂ ಅವರು ಲೆಕ್ಕ ಇಟ್ಟುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಡಿಸೆಂಬರಿನ ದೋಣಿಗೆ ನನ್ನನ್ನು ಕಳಿಸುವುದಾಗಿಯೂ ಎರಡು ವಾರ ತಾವೊಬ್ಬರೇ ನಿಭಾಯಿಸುವುದಾಗಿಯೂ ಹೇಳಿದ್ದಾರೆ. ಮುಂಗೋಪಿ ಎಂದದ್ದನ್ನು ಇನ್ನಾದರೂ ವಾಪಸು ತೆಗೆದುಕೋ.

ಜೊತೆಗಿರುವ ಕಾಗದ ಹೊಲಿಗೆಯಮ್ಮನಿಗೆ. ಅಂಟಿಸಿಲ್ಲ, ಬೇಕಾದರೆ ಓದು. ಆದರೆ ನೀನು ಅವರಿಗೆ ಓದಿ ಹೇಳಬೇಡ. ಅವರ ಕೈಗೆ ಕೊಟ್ಟು ಬಂದುಬಿಡು.

ನಿನ್ನ ಗುಬ್ಬಿ


ನವೆಂಬರ್ ೨೩

ಹೊಲಿಗೆಯಮ್ಮನವರಿಗೆ,

ನಮಸ್ಕಾರ. ನಾನು ಕನ್ನಡಕದಂಗಡಿ ಅಕ್ಕನ ತಮ್ಮ. ಮೊದಲ ಸಲ ಕ್ವೈರ್‌ಗೆ ಸೇರಿದಾಗ ನನ್ನ ನಿಲುವಂಗಿಯ ತೋಳನ್ನು ನೀವು ನಾಲ್ಕು ಸಲ ಬಿಚ್ಚಿ ಹೊಲಿದಿದ್ದಿರಿ, ನಾನು ಅಷ್ಟು ಬೇಗ ಬೆಳೆಯುತ್ತಿದ್ದೆ.

ನೀವು ಅಕ್ಕನನ್ನು ಒಂದು ಪ್ರಶ್ನೆ ಕೇಳಿದಿರಂತೆ. ಅವಳು ಅದನ್ನು ನನಗೆ ಕಳಿಸಿದಳು. ನನಗೆ ಗೊತ್ತಿಲ್ಲ ಎಂದು ಬರೆದೆ. ಗೊತ್ತಿಲ್ಲದೆ ಏನಿರಲಿಲ್ಲ. ಹೇಳಲು ಮನಸ್ಸಿರಲಿಲ್ಲ.

ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ನನ್ನ ಸಿಟ್ಟು ಹೋಗಿಲ್ಲ. ನಿಮ್ಮ ಮಗನಿಗಾಗಿ ಪ್ರಾರ್ಥಿಸಲು ನನ್ನಿಂದ ಆಗುವುದಿಲ್ಲ. ಮುಂದೆ ಆಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ನೀವು ಅವನಿಗಾಗಿ ಪ್ರಾರ್ಥಿಸುವುದನ್ನು ಬೇಡ ಎನ್ನಲು ನಾನು ಯಾರೂ ಅಲ್ಲ. ಹೆತ್ತವರು ಬಿಟ್ಟರೆ ಇನ್ಯಾರಿದ್ದಾರೆ?

ಆದರೆ ಗುಡುಗಪ್ಪನಿಗೆ ಯಾರು ಅಳಬೇಕು, ಯಾರು ಅಳಬಾರದು ಎಂದು ಆರಿಸುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿಲ್ಲ. ಅವನಿಗೆ ಹೊಟ್ಟೆ ಬಂದರೂ ನಗದೆ ಬಟ್ಟೆ ಅಗಲ ಮಾಡಿಕೊಟ್ಟವರು ನೀವು. ನಾನಂತೂ ನಗುತ್ತಿದ್ದೆ. ನಿಮಗೆ ಹಕ್ಕಿದೆ. ನನ್ನಷ್ಟೇ ಇದೆ.

ನಾನು ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ. ಬಂದ ಕೂಡಲೇ ಅವನ ಸಮಾಧಿಗೆ ಹೋಗಬೇಕು. ಒಬ್ಬನೇ ಹೋಗಲು ಧೈರ್ಯವಿಲ್ಲ. ಅಕ್ಕನ ಜೊತೆ ಹೋದರೆ ಅವಳು ನನ್ನನ್ನು ಸಮಾಧಾನ ಮಾಡುತ್ತಾ ತನ್ನ ಅಳು ನುಂಗುತ್ತಾಳೆ. ಮಿಂಚಮ್ಮನ ಜೊತೆ ಹೋದರೆ ಅವಳೆದುರು ನಾನು ಅಳು ನುಂಗಬೇಕಾಗುತ್ತದೆ.

ನೀವು ಇನ್ನೂ ಅಲ್ಲಿಗೆ ಹೋಗಿಲ್ಲವಂತೆ. ನಾನೂ ಹೋಗಿಲ್ಲ. ಬಂದ ದಿನ ನಿಮ್ಮ ಮನೆಯ ಕದ ತಟ್ಟುತ್ತೇನೆ. ಚಪ್ಪಲಿ ಹಾಕಿಕೊಂಡು ಸಿದ್ಧವಾಗಿರಿ, ಇಬ್ಬರೂ ಒಟ್ಟಿಗೆ ಹೋಗಿ ಅತ್ತು ಬರೋಣ.